ಮೌಲಾಸಾಬರ ದೀಪ

ಬೆಳಿಗ್ಗೆ ಆರೂವರೆಗೆ ಸರಿಯಾಗಿ ಗೋಡೆ ತೆರೆದುಕೊಂಡಿತು.

ತೆರೆದುಕೊಂಡಿತು ಎನ್ನುವುದು ದೇವೀರಮ್ಮನವರ ಮಾತು. ನಿಜಕ್ಕೆ ಅದು ಗೋಡೆಗೆ ಬಿಗಿದ ಆಳೆತ್ತರದ ಗಾಜು. ಒಂದು ಕ್ಷಣದ ಹಿಂದೆ ಅದರಲ್ಲಿ ಅರಸೀಕೆರೆಯ ಅವರದೇ ಕೋಣೆ, ಅವರದೇ ಮಂಚ, ಗೂಟಕ್ಕೆ ತೂಗುಹಾಕಿದ ಅವರದೇ ಹಳೆಯ ರೈಲ್ವೆ ಕೋಟು ಕಾಣುತ್ತಿದ್ದವು. ಈಗ ಗಾಜಿನ ಆಚೆ ಗದಗಿನ ಒಂದು ಮನೆಯ ಪಡಸಾಲೆ ಕಾಣುತ್ತಿತ್ತು. ಅದರ ನಡುವೆ ಬಿಳಿ ಟೋಪಿ ತೊಟ್ಟು, ಪಾಯಿಜಾಮವನ್ನು ಕಣಕಾಲಿನ ಮೇಲಕ್ಕೆ ಮಡಚಿಕೊಂಡು, ಎಪ್ಪತ್ತೆರಡು ವರ್ಷದ ಮೌಲಾಸಾಬ ನದಾಫ್ ನಿಂತಿದ್ದರು. ಇಬ್ಬರ ನಡುವೆ ಒಂದು ಹಗಲಿನ ರೈಲುದಾರಿ ಇತ್ತು. ಆದರೂ ಕೈಚಾಚಿದರೆ ಟೋಪಿ ಸಿಗುತ್ತದೆ ಎನ್ನಿಸುತ್ತಿತ್ತು.

"ಅಕ್ಕಾರ, ಆರಾಮ ಅದೀರೇನ್ರಿ?"

"ಆರಾಮಾಗಿದೀನಿ ಸಾಬ್ರೇ. ನಿಮ್ಮ ಮಂಡಿ ಹೆಂಗೈತೆ?"

"ಮಂಡಿ ಐತಿ ಅಂತ ಗೊತ್ತಾಗಾಕತ್ತೈತ್ರಿ. ಅಷ್ಟ ಸಾಕು."

ಇಬ್ಬರೂ ಬಲಗೈ ಎತ್ತಿದರು. "ಒಂದು" ಎಂದಿತು ಗೋಡೆ.

ಜೋಡಿಗನ್ನಡಿ ಎಂಬ ಆ ಗಾಜಿನ ಗುಟ್ಟೆಲ್ಲ ಈ ಎಣಿಕೆಯಲ್ಲಿತ್ತು. ಇಪ್ಪತ್ತೊಂದನೆಯ ಶತಮಾನ ಅರವತ್ತು ದಾಟುವ ಹೊತ್ತಿಗೆ ಒಬ್ಬೊಬ್ಬರೇ ವಾಸಿಸುವ ಹಿರಿಯರ ಸಂಖ್ಯೆ ನಾಡಿನಲ್ಲಿ ಎಷ್ಟಾಗಿತ್ತೆಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಪಟ್ಟಿಯಲ್ಲಿ ವೈದ್ಯರು ಒಂಟಿತನವನ್ನೂ ಸೇರಿಸಿದ್ದರು. ಮೊದಲು ಮನೆಮನೆಗೆ ವ್ಯಾಯಾಮದ ಯಂತ್ರ ಕೊಟ್ಟು ನೋಡಿದರು. ಅವು ಒದ್ದೆ ಬಟ್ಟೆ ಹರಡಲು ಬಹಳ ಅನುಕೂಲವಾದವು. ಆಮೇಲೆ ಡಾ. ಸುಚೇತಾ ಬೆಳವಾಡಿ ಎಂಬ ವಿಜ್ಞಾನಿ ಸಹಚಲನ ಎಣಿಕೆ ಎಂಬುದನ್ನು ಕಂಡುಹಿಡಿದರು. ದೂರದೂರದ ಇಬ್ಬರು ಎದುರುಬದುರು ನಿಂತು ವ್ಯಾಯಾಮ ಮಾಡಬೇಕು. ಇಬ್ಬರ ಕೈಯೂ ಒಂದೇ ಎತ್ತರಕ್ಕೆ ಬಂದರೆ ಮಾತ್ರ ಗೋಡೆ ಎಣಿಸುತ್ತದೆ. ಒಬ್ಬರು ಸೋಮಾರಿತನ ಮಾಡಿದರೆ ಇನ್ನೊಬ್ಬರು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಕಾಯಬೇಕು. ವಯಸ್ಸಾದವರೊಬ್ಬರನ್ನು ಹಾಗೆ ಕಾಯಿಸಲು ನಮ್ಮ ಜನಕ್ಕೆ ಮನಸ್ಸು ಬರುವುದಿಲ್ಲ. ಯಂತ್ರದ ಅರ್ಧ ಭಾಗ ಗಾಜು, ಉಳಿದರ್ಧ ದಾಕ್ಷಿಣ್ಯ ಎಂದು ಡಾ. ಸುಚೇತಾ ಸಭೆಗಳಲ್ಲಿ ಹೇಳಿ ನಗಿಸುತ್ತಿದ್ದರು.

ಗಾಜಿನ ಮೇಲ್ಮೂಲೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ದೀಪವೊಂದಿತ್ತು. ಅದರ ಹೆಸರು ಮನೋದೀಪ. ಮಣಿಕಟ್ಟಿಗೆ ಸದಾ ಕಟ್ಟಿಕೊಂಡಿರಬೇಕಾದ ನಾಡಿಪಟ್ಟಿ, ದನಿಯ ನಡುಕ, ರೆಪ್ಪೆ ಬಡಿಯುವ ವೇಗ, ಹೆಗಲು ಇಳಿಬಿದ್ದಿರುವ ಬಗೆ, ಇವನ್ನೆಲ್ಲ ಕೂಡಿಸಿ ಅದು ಮನುಷ್ಯನ ಒಂಟಿತನವನ್ನು ಅಳೆಯುತ್ತಿತ್ತು. ಹಸಿರೆಂದರೆ ನೆಮ್ಮದಿ, ಹಳದಿಯೆಂದರೆ ಎಚ್ಚರ, ಕೆಂಪೆಂದರೆ ಅಪಾಯ. ನಲವತ್ತು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದ ದೇವೀರಮ್ಮನವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಎರಡು ವರ್ಷದ ಹಿಂದೆ ಡಾ. ಸುಚೇತಾ ಮನೆಗೆ ಬಂದಾಗ ದೇವೀರಮ್ಮ ಬಾಗಿಲಲ್ಲೇ ತಡೆದಿದ್ದರು. "ನಂಗ್ಯಾಕಮ್ಮ ಇದು? ನಾನು ಒಬ್ಬಳೇ ಇದೀನಿ ಅಷ್ಟೇ. ಮದುವೆ ಆಗೋಕೆ ಪುರುಸೊತ್ತಾಗಲಿಲ್ಲ. ಹಂಗಂತ ಕೊರಗ್ತಾ ಕೂತಿಲ್ಲ."

"ನಿಮಗಲ್ಲ ಮೇಡಂ," ಎಂದಿದ್ದರು ಡಾಕ್ಟರು, ದನಿ ತಗ್ಗಿಸಿ. "ಗದಗಿನಲ್ಲಿ ಒಬ್ಬರಿದ್ದಾರೆ. ಗಾದಿ ಹೊಲಿಯುವವರು. ಹೆಂಡತಿ ಹೋದ ಮೇಲೆ ಮನೆಯಿಂದ ಹೊರಗೇ ಬರುತ್ತಿಲ್ಲ. ನಿಮ್ಮಂಥ ಗಟ್ಟಿ ಮನಸ್ಸಿನವರು ಜೊತೆಗೆ ನಿಂತು ಕೈಕಾಲು ಆಡಿಸಿದರೆ ಬದುಕಿಕೊಳ್ಳುತ್ತಾರೆ. ಆ ದೀಪ ಅವರ ಮನಸ್ಸನ್ನು ತೋರಿಸುತ್ತದೆ. ಒಂದು ಮಾತು, ನೀವು ಅವರಿಗೋಸ್ಕರ ಬರುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಬಾರದು. ಮಾನವಂತರು, ನೊಂದುಕೊಳ್ಳುತ್ತಾರೆ. ದೀಪದ ವಿಷಯ ಬಾಯಿಬಿಡಬೇಡಿ."

ಇಷ್ಟು ಹೇಳಿದ ಮೇಲೆ ಬೇಡ ಎನ್ನುವುದು ಹೇಗೆ? ದೇವೀರಮ್ಮ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ನಿಯಮಗಳು ಒಂದೊಂದಾಗಿ ಹೊರಗೆ ಬಂದವು. ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ. ಗಾಜು ಆ ಮನೆಯ ಅಳತೆಗೆ ಹೊಂದಿಸಿದ್ದು, ಬೇರೆಡೆಗೆ ಒಯ್ಯುವಂತಿಲ್ಲ. ಗೋಡೆಯ ಹೊರಗೆ ಪರಸ್ಪರ ಫೋನಾಗಲಿ ಪತ್ರವಾಗಲಿ ಕೂಡದು, ಅಳತೆ ಕೆಡುತ್ತದೆ. ಮೂರು ದಿನ ತಪ್ಪಿಸಿದರೆ ಜೋಡಿ ಮುರಿಯುತ್ತದೆ, ಮುರಿದದ್ದನ್ನು ಮತ್ತೆ ಕೂಡಿಸುವುದಿಲ್ಲ.

ಹೀಗೆ ದೇವೀರಮ್ಮ ಎರಡು ವರ್ಷ ಅರಸೀಕೆರೆ ಬಿಟ್ಟು ಕದಲಲಿಲ್ಲ. ತಿಪಟೂರಿನಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆಗೆ ಹೋಗಿ, ಊಟಕ್ಕೂ ಕೂರದೆ, ಸಂಜೆಯ ಹೊತ್ತಿಗೆ ಓಡಿ ಬಂದರು. ಹಳೆಯ ರೈಲ್ವೆ ಗೆಳತಿಯರು ಪ್ರವಾಸಕ್ಕೆ ಕರೆದು ಕರೆದು ಸಾಕಾಗಿ ಕರೆಯುವುದನ್ನೇ ಬಿಟ್ಟರು. ಜಂಕ್ಷನ್ನಿನಿಂದ ರೈಲುಗಳು ಹೊರಡುವ ಸದ್ದು ಹಗಲೆಲ್ಲ ಕಿಟಕಿಗೆ ಬರುತ್ತಿತ್ತು. ಆಯುಷ್ಯವಿಡೀ ಅವಕ್ಕೆ ದಾರಿ ಬಿಟ್ಟವರು ಈಗ ಒಂದನ್ನೂ ಹತ್ತುವಂತಿರಲಿಲ್ಲ. ಒಂದೊಂದು ಬೆಳಿಗ್ಗೆ ಆ ಗಾಜನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಮರುಕ್ಷಣ ಮೌಲಾಸಾಬರ ಮುಖ ಕಂಡು, ಪಾಪ, ಈ ಮನುಷ್ಯನದೇನು ತಪ್ಪು ಎನ್ನಿಸುತ್ತಿತ್ತು.

ಫೋನು ಬಂದದ್ದು ಒಂದು ಮಧ್ಯಾಹ್ನ. ಮಾತಾಡಿದವರು ಹಳೆಯ ಸಹೋದ್ಯೋಗಿ ಅಂತೋಣಿ. ಕ್ಯಾಸಲ್‌ರಾಕ್‌ನಲ್ಲಿ ಹಬೆಯ ಎಂಜಿನ್ನಿನ ಹಳೆಯ ರೈಲೊಂದನ್ನು ಮತ್ತೆ ಓಡಿಸುತ್ತಾರಂತೆ. ಅದಕ್ಕೆ ಆ ಕಾಲದ ಸಿಗ್ನಲ್ ಕೈಮರಗಳೇ ಬೇಕು. ಕಂಬದ ಮೇಲಿನ ಆ ಕೈಯನ್ನು ಅರ್ಧ ಮೈಲಿ ದೂರದಿಂದ ಎಳೆಯುವುದು ಒಂದು ತಂತಿ. ಬಿಸಿಲಿಗೆ ಅದು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹೊತ್ತುಹೊತ್ತಿಗೆ ಅದರ ಬಿಗುವು ನೋಡಿ ಸರಿಪಡಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಬೆರಳಿಗೆ ಬರಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರ ಕೈಕೆಳಗೆ ಅದನ್ನು ಕಲಿತವರಲ್ಲಿ ಉಳಿದವರು ಮೂರೋ ನಾಲ್ಕೋ ಮಂದಿ.

"ನೀವು ಬಂದು ಇಲ್ಲಿ ಹೊಸದಾಗಿ ಸೇರಿರೋ ಹುಡುಗಿಯರಿಗೆ ಕಲಿಸಿಕೊಡಿ ದೇವಿ ಅಕ್ಕ," ಎಂದರು ಅಂತೋಣಿ. "ಮುಂದಿನ ತಿಂಗಳು ಹತ್ತರ ಒಳಗೆ ಬಂದ್ರೆ ಆಯ್ತು. ಇಲ್ಲಾಂದ್ರೆ ಕೈಮರ ಕಿತ್ತು ಬಲ್ಬು ಹಾಕ್ತೀವಿ ಅಂತವ್ರೆ."

ಫೋನಿಟ್ಟ ಮೇಲೆ ದೇವೀರಮ್ಮ ತಮ್ಮ ಬೆರಳುಗಳನ್ನು ನೋಡಿಕೊಂಡರು. ಅವಕ್ಕೆ ಆಗಲೇ ಗ್ರೀಸಿನ ವಾಸನೆ ಬಂದಂತಾಯಿತು. ಹೋಗಬೇಕು ಎಂದು ಅವರಿಗೆ ಎಷ್ಟು ಆಸೆಯಾಯಿತೆಂದರೆ, ಎದ್ದು ಕೋಟನ್ನು ಗೂಟದಿಂದ ತೆಗೆದು ಕೊಡವಿದರು. ಕೊಡವುತ್ತ ತಿರುಗಿ ನೋಡಿದರೆ ಗಾಜಿನ ಮೂಲೆಯ ದೀಪ ಕೆಂಪಾಗಿತ್ತು.

ಅವರು ಕೋಟನ್ನು ಮತ್ತೆ ಗೂಟಕ್ಕೆ ಹಾಕಿದರು. ಮೌಲಾಸಾಬರಿಗೆ ಇನ್ನೂ ಏನನ್ನೂ ಹೇಳಿಯೇ ಇಲ್ಲ. ಮನುಷ್ಯನಿಗೆ ಮೊದಲೇ ತಿಳಿದುಬಿಡುತ್ತದೆಯೇ?

ಆ ಸಂಜೆ ಅವರು ಸುಮ್ಮನೆ ಮಾತು ತೆಗೆದರು. "ಸಾಬ್ರೇ, ನೀವು ಮಗಳ ಊರಿಗೆ ಹೋಗೋದೇ ಇಲ್ವಾ?"

"ಶಮೀಮ ಕರೀತಾಳ್ರಿ. ಹೊಸಪೇಟ್ಯಾಗ ಅಕಿದು ಗಾದಿ ಅಂಗಡಿ ಐತಿ. ಬೆನ್ನುನೋವಿನ ಮಂದಿ ಕೈಲೆ ಮಾಡಿದ್ದ ಬೇಕಂತಾರಂತ. ಅಂಚು ಹೊಲಿಯಾಕ ಬಾ ಅಪ್ಪಾ ಅಂತಾಳ." ಅವರು ಸೊಂಟದ ಮೇಲೆ ಕೈಯಿಟ್ಟು ಎಡಕ್ಕೆ ಬಾಗಿದರು. "ನಾ ಹೋಗೂದಿಲ್ರಿ."

"ಯಾಕೆ?"

"ಇಲ್ಲೇ ಛಲೋ ಐತಲ್ಲ." ಹೀಗೆಂದು ಅವರು ದೇವೀರಮ್ಮನವರ ತಲೆಯ ಮೇಲಕ್ಕೆ, ಮೂಲೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರು. ಆ ನೋಟ ದೇವೀರಮ್ಮನವರಿಗೆ ವಿಚಿತ್ರವೆನಿಸಿತು. ಅದು ಅವರದೇ ನೋಟದ ಹಾಗಿತ್ತು.

ಸಿಗ್ನಲ್ ವಿಭಾಗದವರಿಗೆ ಒಂದು ಅಭ್ಯಾಸವಿರುತ್ತದೆ. ದೀಪ ಅನುಮಾನ ಹುಟ್ಟಿಸಿದರೆ ವಾದ ಮಾಡುವುದಿಲ್ಲ, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ದೇವೀರಮ್ಮ ಅಂದಿನಿಂದ ಬರೆಯತೊಡಗಿದರು. ಹನ್ನೊಂದು ಗಂಟೆ, ಅಂತೋಣಿ ಕಳಿಸಿದ ಕೈಮರದ ಫೋಟೋ ನೋಡಿದೆ, ಹಳದಿ. ನಾಲ್ಕು ಗಂಟೆ, ಹೋಗುವುದು ಬೇಡ ಎಂದುಕೊಂಡೆ, ಕೆಂಪು. ಸಂಜೆ, ಸಾಬರು ರೊಟ್ಟಿ ಸುಟ್ಟುಕೊಂಡ ಕಥೆ ಹೇಳಿದರು, ಹಸಿರು. ಹದಿನೈದು ದಿನದಲ್ಲಿ ಪುಟ ತುಂಬಿತು. ಅದನ್ನು ಅವರು ಮೊದಲಿನಿಂದ ಕೊನೆಯ ತನಕ ಓದಿದರು. ಆಮೇಲೆ ಎದ್ದು, ಗಾಜಿನ ಹಿಂದಿನಿಂದ ಹೊರಗೆ ಹೋಗುವ ಸಂಪರ್ಕದ ತಂತಿಯನ್ನು ಕಿತ್ತರು. ಗಾಜು ಬರೀ ಕನ್ನಡಿಯಾಯಿತು. ದೀಪ ಆರಲಿಲ್ಲ. ಅವರು ತಂತಿಯನ್ನು ಮತ್ತೆ ಸಿಕ್ಕಿಸಿ ಡಾಕ್ಟರಿಗೆ ಫೋನು ಮಾಡಿದರು.

ಡಾ. ಸುಚೇತಾ ಮರುದಿನ ಮಧ್ಯಾಹ್ನವೇ ಬಂದರು. ದೇವೀರಮ್ಮ ಮಜ್ಜಿಗೆ ಕೊಟ್ಟು, ರಿಜಿಸ್ಟರು ತೆರೆದು ಮುಂದಿಟ್ಟರು.

"ಈ ದೀಪ ಎಲ್ಲಿಂದ ಉರೀತದೆ ಡಾಕ್ಟ್ರೇ?"

"ಗದಗಿನಿಂದ ಮೇಡಂ. ಮೌಲಾಸಾಬರ ನಾಡಿಪಟ್ಟಿಯಿಂದ..."

ದೇವೀರಮ್ಮ ಎದ್ದು ತಂತಿಯನ್ನು ಮತ್ತೊಮ್ಮೆ ಕಿತ್ತು ಅವರ ಕೈಗೆ ಕೊಟ್ಟರು. "ನಮ್ಮ ಕ್ಯಾಬಿನ್ನಿನಲ್ಲಿ ರಿಪೀಟರ್ ಅಂತ ಒಂದು ದೀಪ ಇರ್ತಿತ್ತು. ತಿರುವಿನ ಆಚೆ ಸಿಗ್ನಲ್ ನಮಗೆ ಕಾಣಲ್ಲ. ಅಲ್ಲಿ ಉರೀತಾ ಐತೋ ಇಲ್ವೋ ಅಂತ ಈ ದೀಪ ಹೇಳ್ತದೆ. ತಂತಿ ತುಂಡಾದ್ರೆ ಇದು ಆರಿಹೋಗ್ಬೇಕು. ಆರಿದ್ರೇನೇ ನಂಬಿಕೆ. ತಂತಿ ಕಿತ್ತ ಮೇಲೂ ಉರಿಯೋ ದೀಪ ದೂರದ ಸುದ್ದಿ ಹೇಳ್ತಾ ಇಲ್ಲ ಡಾಕ್ಟ್ರೇ. ಯಾರ ದೀಪ ಇದು?"

ಡಾಕ್ಟರು ಲೋಟವನ್ನು ಕೆಳಗಿಟ್ಟರು. "ನಿಮ್ಮದು," ಎಂದರು.

ಹೊರಗೆ ಯಾವುದೋ ರೈಲು ಹೊರಟ ಸದ್ದು ಕೇಳಿತು.

"ಮೊದಲ ಮಾದರಿಯಲ್ಲಿ ನಿಮ್ಮ ದೀಪ ಇದು ಅಂತ ನಿಜ ಹೇಳಿಯೇ ಕೊಟ್ಟೆವು," ಎಂದು ಡಾಕ್ಟರು ಮುಂದುವರಿಸಿದರು. "ಎಲ್ಲರೂ ಅದರ ಮೇಲೆ ಬಟ್ಟೆ ಹಾಕಿ ಮುಚ್ಚಿದರು. ನಾನು ಒಂಟಿ ಅಂತ ದಿನಾ ಯಾರು ನೋಡಿಕೊಳ್ಳುತ್ತಾರೆ? ಆದರೆ ಇದು ಬೇರೆಯವರ ದೀಪ ಅಂದಾಗ ದಿನಕ್ಕೆ ಹತ್ತು ಸಲ ನೋಡಿದರು. ಕೆಂಪಾದರೆ ಹೆಚ್ಚು ಹೊತ್ತು ನಿಂತರು, ಮಾತಾಡಿದರು, ನಗಿಸಿದರು. ತಮಗೋಸ್ಕರ ಮಾಡದ್ದನ್ನು ಇನ್ನೊಬ್ಬರಿಗೋಸ್ಕರ ಮಾಡಿದರು. ಅವರಿಗೇ ಗುಣವಾಯಿತು."

"ಹಂಗಾದ್ರೆ ಸಾಬರ ಗೋಡೆ ಮೇಲೂ..."

"ಇದೆ. ಅದನ್ನು ಅವರು ನಿಮ್ಮ ದೀಪ ಅಂದುಕೊಂಡಿದ್ದಾರೆ. ಅರಸೀಕೆರೆಯಲ್ಲಿ ಒಬ್ಬ ಹೆಂಗಸು, ಮಾತಾಡಿಸುವವರು ಯಾರೂ ಇಲ್ಲ, ನೀವು ನಿಂತರೆ ಬದುಕಿಕೊಳ್ಳುತ್ತಾರೆ ಅಂತ ಅವರಿಗೂ ನಾನೇ ಹೇಳಿದ್ದು."

ದೇವೀರಮ್ಮನವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಕಳೆದ ವರ್ಷ ಒಂಬತ್ತು ದಿನ ದೀಪ ಕೆಂಪಾಗಿಯೇ ಇತ್ತು. ಪಾಪ, ಹೆಂಡತಿಯ ನೆನಪಾಗಿರಬೇಕು ಎಂದುಕೊಂಡು ಅವರು ದಿನವೂ ವ್ಯಾಯಾಮ ಮುಗಿದ ಮೇಲೆ ನಿಂತು, ಇದ್ದಬದ್ದ ಕಥೆಯನ್ನೆಲ್ಲ ಹೇಳಿ ಮೌಲಾಸಾಬರನ್ನು ನಗಿಸಿದ್ದರು. ಆ ಒಂಬತ್ತು ದಿನ ಸ್ಟೇಷನ್ನಿನ ಪಕ್ಕದಲ್ಲಿ ಅವರು ಇಪ್ಪತ್ತು ವರ್ಷ ಕೆಲಸ ಮಾಡಿದ ಸಿಗ್ನಲ್ ಕ್ಯಾಬಿನ್ನನ್ನು ಆಳುಗಳು ಕೆಡವುತ್ತಿದ್ದರು. ಕಲ್ಲು ಬೀಳುವ ಸದ್ದು ಕಿಟಕಿಗೆ ಬರುತ್ತಿತ್ತು. ತನಗೇನೂ ಅನ್ನಿಸಲಿಲ್ಲ ಎಂದೇ ಅವರು ತಿಳಿದಿದ್ದರು.

"ಎಷ್ಟು ಜೋಡಿ ಮಾಡಿದೀರಿ?" ಎಂದು ಕೇಳಿದರು ಕೊನೆಗೆ.

"ಹನ್ನೆರಡು ಸಾವಿರ. ಇವತ್ತಿನವರೆಗೆ ಒಬ್ಬರೂ ಬಿಟ್ಟಿಲ್ಲ." ದನಿಯಲ್ಲಿ ಹೆಮ್ಮೆ ಇಣುಕಿತು.

"ಬಿಡೋದು ಹೆಂಗೆ? ನಾನು ಬಿಟ್ರೆ ಆ ಮನುಷ್ಯ ಸಾಯ್ತಾನೆ ಅಂತ ಹೆದರಿಸಿಟ್ಟಿದೀರಲ್ಲ. ಸಾಬರನ್ನ ಮಗಳು ಕರೀತವ್ಳೆ, ನನ್ನನ್ನ ಕೆಲಸ ಕರೀತೈತೆ. ಇಬ್ರೂ ಒಬ್ರ ಮುಖ ಇನ್ನೊಬ್ರು ನೋಡ್ಕೊಂಡು ಬೀಗ ಹಾಕ್ಕೊಂಡು ಕೂತಿದೀವಿ. ಈ ಇಪ್ಪತ್ನಾಲ್ಕು ಸಾವಿರ ಜನದಲ್ಲಿ ಎಷ್ಟು ಮಂದಿ ಹಿಂಗೆ ಎಲ್ಲೂ ಹೋಗದೆ ಉಳ್ಕೊಂಡವ್ರೆ, ಲೆಕ್ಕ ಇಟ್ಟಿದೀರಾ?"

ಡಾ. ಸುಚೇತಾ ಕೈಯಲ್ಲಿದ್ದ ತಂತಿಯನ್ನು ನೋಡುತ್ತ ಕುಳಿತರು. "ಆ ಲೆಕ್ಕ ಇಡಲಿಲ್ಲ ಮೇಡಂ. ಯಾರೂ ಬಿಡದಿರುವುದನ್ನೇ ನಾವು ಗೆಲುವು ಅಂದುಕೊಂಡೆವು." ಆಮೇಲೆ ಮೆಲ್ಲಗೆ ಕೇಳಿದರು. "ಅವರಿಗೆ ಹೇಳಿಬಿಡುತ್ತೀರಾ?"

ದೇವೀರಮ್ಮ ತಂತಿಯನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಗಾಜಿಗೆ ಸಿಕ್ಕಿಸಿದರು. ನೀವೇ ರೋಗಿ ಎಂದು ಆ ಟೋಪಿಯ ಮನುಷ್ಯನ ಮುಖಕ್ಕೆ ಹೇಳುವುದು ಅವರಿಂದಾಗುವ ಮಾತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಗೋಡೆ ತೆರೆಯಿತು. ಕೈ ಎತ್ತುವ ಮೊದಲೇ ಅವರು ಹೇಳಿಬಿಟ್ಟರು. "ಸಾಬ್ರೇ, ನಾನು ಕ್ಯಾಸಲ್‌ರಾಕ್‌ಗೆ ಹೋಗ್ತಾ ಇದೀನಿ. ಕೆಲಸ ಸಿಕ್ಕೈತೆ. ಇನ್ನು ಇಲ್ಲಿಗೆ ಬರೋಕಾಗಲ್ಲ."

"ಭಾಳ ಸಂತೋಷ ಆತ್ರಿ ಅಕ್ಕಾರ," ಎಂದರು ಮೌಲಾಸಾಬ. ಹಾಗೆನ್ನುತ್ತ ಅವರ ಕಣ್ಣು ಮೂಲೆಗೆ ಹೋಗಿ ಅಲ್ಲೇ ನಿಂತಿತು. ನಗು ಮಾಸಿತು. "ಆದ್ರ ನಿಮಗ ಮನಸಿಲ್ಲ ಅಂತ ಕಾಣತೈತಿ. ಮನಸಿಲ್ಲದ್ದು ಮಾಡಬ್ಯಾಡ್ರಿ. ನಾ ಇಲ್ಲೇ ಇರ್ತೀನಿ. ಎಲ್ಲೂ ಹೋಗೂದಿಲ್ಲ."

ಅವರು ನೋಡುತ್ತಿರುವುದು ಕೆಂಪು ದೀಪವನ್ನು ಎಂದು ದೇವೀರಮ್ಮನವರಿಗೆ ಗೊತ್ತಾಯಿತು. ಅದು ಯಾರ ಕೆಂಪು ಎಂಬುದೂ ಗೊತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಗದಗಿನ ನಿಜವಾದ ಸುದ್ದಿ ಅವರಿಗೆ ತಲುಪಿತ್ತು, ಅದೂ ಆ ಮನುಷ್ಯನ ಕಣ್ಣಿನ ಮೂಲಕ. ಈಚೆ ತಮ್ಮ ಮೂಲೆಗೆ ನೋಡಿದರೆ ಅಲ್ಲೂ ಕೆಂಪು. ಡಾಕ್ಟರು ಹೇಳಿದ್ದ ಸುಳ್ಳು ಸುಳ್ಳಾಗಿಯೇನೂ ಉಳಿದಿರಲಿಲ್ಲ. ಸುಳ್ಳೆಂದು ತಿಳಿದ ಮೇಲೆ ಬಿಡುಗಡೆಯಾಯಿತು ಎಂದುಕೊಂಡಿದ್ದವರಿಗೆ ಈಗ ಕಾಲೇ ಕೀಳಲಾಗಲಿಲ್ಲ. ಹೋಗುವುದು ಬೇಡ ಎಂದು ಹೇಳಲು ಅವರು ಬಾಯಿ ತೆರೆದೂ ತೆರೆದರು.

ಆಗ ಅವರಿಗೆ ಡಾಕ್ಟರ ಉಪಾಯವೇ ನೆನಪಾಯಿತು. ತನಗೋಸ್ಕರ ಮಾಡದ್ದನ್ನು ಇನ್ನೊಬ್ಬರಿಗೋಸ್ಕರ ಮಾಡುತ್ತಾರೆ.

"ಸಾಬ್ರೇ, ನಂಗೊಂದು ಉಪಕಾರ ಆಗ್ಬೇಕಿತ್ತು."

"ಹೇಳ್ರಿ."

"ಅಲ್ಲಿ ನಂಗೆ ಬರೀ ಹಲಗೆ ಮಂಚ ಕೊಡ್ತಾರಂತೆ. ಈಗಿನ ಸ್ಪಂಜಿನ ಹಾಸಿಗೆ ಮೇಲೆ ನಂಗೆ ನಿದ್ದೆ ಹತ್ತಲ್ಲ. ನಿಮ್ಮ ಕೈಯಿಂದ ಒಂದು ಗಾದಿ ಬೇಕು."

ಮೌಲಾಸಾಬ ಗಲಿಬಿಲಿಗೊಂಡರು. "ಇಲ್ಲೆಲ್ಲಿ ಮಾಡ್ಲಿರಿ? ಹತ್ತಿ ಅರಳಿ ಹಿಂಜೂ ಬಿಲ್ಲು ಸೈತ ಶಮೀಮನ ಅಂಗಡ್ಯಾಗ ಐತಿ."

"ಹಂಗಾದ್ರೆ ಹೊಸಪೇಟೆಗೆ ಹೋಗಿ ಮಾಡಿಕೊಡಿ. ನಂಗೋಸ್ಕರ."

ಅವರು ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಹಾಕಿಕೊಂಡರು. "ನೀವು ಕೇಳೂದು ಹೆಚ್ಚೋ ನಾ ಮಾಡೂದು ಹೆಚ್ಚೋ? ಹೋಗ್ತೀನ್ರಿ. ಆದ್ರ ನಾ ಹೋದೆ ಅಂತ ನೀವು ಹೋಗದ ಕುಂದ್ರಬ್ಯಾಡ್ರಿ ಮತ್ತ."

"ಇಲ್ಲ. ನಾನೂ ಹೋಗ್ತೀನಿ."

ಇಬ್ಬರೂ ಕೈ ಎತ್ತಿದರು. ಗೋಡೆ ಒಂದರಿಂದ ಇಪ್ಪತ್ತರ ತನಕ ಎಣಿಸಿತು. ಇಪ್ಪತ್ತಾದ ಮೇಲೂ ಕೈ ಇಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಮೊದಲು ಇಳಿಸಿದವರು ಬಿಟ್ಟುಹೋದಂತೆ ಆಗುತ್ತದಲ್ಲ ಎಂದು ಇಬ್ಬರೂ ಹಿಡಿದೇ ನಿಂತರು. ಹೆಗಲು ನಡುಗತೊಡಗಿತು. "ವ್ಯಾಯಾಮ ಮುಗಿಯಿತು" ಎಂದು ಗೋಡೆ ಎರಡು ಸಲ ಹೇಳಿ ನೋಡಿತು, ಆಮೇಲೆ ತಾನಾಗಿ ಮುಚ್ಚಿಕೊಂಡಿತು. ಕನ್ನಡಿಯಲ್ಲಿ ದೇವೀರಮ್ಮನವರಿಗೆ ಕಂಡದ್ದು, ಕೈ ಎತ್ತಿಕೊಂಡು ನಿಂತ ತಮ್ಮದೇ ರೂಪ. ಅವರು ನಾಡಿಪಟ್ಟಿ ಬಿಚ್ಚಿ ಮೊಳೆಗೆ ಹಾಕಿದರು.

ನಾಲ್ಕನೆಯ ದಿನ ಡಾ. ಸುಚೇತಾ ಅವರ ಕಚೇರಿಯ ದಾಖಲೆಯಲ್ಲಿ ಆ ಜೋಡಿಯ ಎದುರು ‘ವಿಫಲ’ ಎಂಬ ಪದ ಕಾಣಿಸಿಕೊಂಡಿತು. ಹನ್ನೆರಡು ಸಾವಿರದಲ್ಲಿ ಅದು ಮೊದಲನೆಯದು. ಅದನ್ನು ತಿದ್ದಲು ಡಾಕ್ಟರಿಗೆ ಅಧಿಕಾರವಿತ್ತು. ಅವರು ಆ ಪದವನ್ನು ಹೊಡೆದುಹಾಕಿದರು, ಆದರೆ ಅದರ ಜಾಗದಲ್ಲಿ ಏನು ಬರೆಯಬೇಕೆಂದು ತೋಚದೆ ಹಾಗೇ ಖಾಲಿ ಬಿಟ್ಟರು.

ಕ್ಯಾಸಲ್‌ರಾಕ್‌ಗೆ ಗಾದಿ ಬಂದದ್ದು ಒಂದೂವರೆ ತಿಂಗಳ ಮೇಲೆ, ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ. ದೇವೀರಮ್ಮ ಬೆಳಗಿನಿಂದ ಇಬ್ಬರು ಹುಡುಗಿಯರಿಗೆ ತಂತಿಯ ಬಿಗುವು ಹೇಳಿಕೊಟ್ಟು ದಣಿದು ಬಂದಿದ್ದರು. ಮೊದಲ ದಿನದಿಂದಲೂ ಆ ಹಲಗೆ ಮಂಚ ಅವರ ಸೊಂಟವನ್ನು ತಿನ್ನುತ್ತಿತ್ತು. ಸೊಂಟದ ನೋವು ಅವರಿಗೆ ಹೊಸದಲ್ಲ, ಹತ್ತು ವರ್ಷದ್ದು. ಅರಸೀಕೆರೆಯಲ್ಲಿ ಅದನ್ನು ಗೋಡೆಯ ಮುಂದೆ ಎಂದೂ ತೋರಿಸಿಕೊಂಡಿರಲಿಲ್ಲ. ಎದುರಿಗಿರುವವರೇ ರೋಗಿ, ಅವರ ಮುಂದೆ ನರಳುವುದೇ ಎಂದು ಹಲ್ಲು ಕಚ್ಚಿ ಬಾಗುತ್ತಿದ್ದರು.

ಗಾದಿ ಹಾಸಿ ಒರಗಿದರು. ಒಂದು ಕ್ಷಣ ಏನೋ ತಪ್ಪಾಗಿದೆ ಎನ್ನಿಸಿತು. ಎಡಗಡೆ, ನಡುವಿನಲ್ಲಿ, ಅಂಗೈಯಷ್ಟು ಜಾಗ ದಪ್ಪವಾಗಿತ್ತು. ಮಗ್ಗುಲಾದಾಗ ಸೊಂಟ ಅಲ್ಲಿ ಸರಿಯಾಗಿ ಹೋಗಿ ಕುಳಿತಿತು. ಅಂಚಿನ ಹೊಲಿಗೆಗೆ ಗುಂಡುಸೂ‌ಜಿಯಿಂದ ಒಂದು ಚೀಟಿ ಚುಚ್ಚಿತ್ತು.

"ಅಕ್ಕಾರಿಗೆ ನಮಸ್ಕಾರ. ಇಲ್ಲಿ ಎಲ್ಲಾರೂ ಆರಾಮ. ಶಮೀಮ ನನಗ ಪುರಸೊತ್ತ ಕೊಡವಲ್ಲಳು, ದಿನಾ ಎರಡು ಗಾದಿ ಹೊಲಿಸ್ತಾಳ. ನಿಮ್ಮದರಾಗ ಎಡಗಡೆ ಸೊಂಟದ ಕೆಳಗ ಒಂದು ಪದರ ಅರಳಿ ಹೆಚ್ಚಿಗಿ ಹಾಕೀನಿ. ಆ ಕಡೆ ಬಾಗೂ ಮುಂದ ನೀವು ಉಸಿರು ಹಿಡೀತಿದ್ರಿ. ಎರಡು ವರ್ಷ ನೋಡೀನಿ. ದೀಪ ಹಸರ ಇದ್ದಾಗೂ ಹಿಡೀತಿದ್ರಿ."

ದೇವೀರಮ್ಮ ಚೀಟಿಯನ್ನು ಎರಡು ಸಲ ಓದಿದರು. ಮಡಚಿ ರಿಜಿಸ್ಟರಿನೊಳಗೆ ಇಟ್ಟರು. ಕಣ್ಣು ಒರೆಸಿಕೊಂಡು, ಎಡ ಮಗ್ಗುಲಿಗೆ ಹೊರಳಿ, ಉಸಿರು ಹಿಡಿಯದೆ ಮಲಗಿದರು.